ಹಳೆ ಕಾರಿನ ಸದ್ದು, ಉಸ್ತಾದರ ಕಿವಿ

ಹಳೆಯ ಕಾರು ಗುಂಡಿಗೆ ಇಳಿದು ಏಳುವಾಗ ಅಡಿಯಿಂದ ಬರುವ ಸದ್ದು ಕೇಳಿ, ಶಾಕಪ್ಸರ್ ಚೆನ್ನಾಗಿದೆ, ಹೋಗಿರುವುದು ಶೆಕಲ್ ಬುಷ್ (ಸ್ಪ್ರಿಂಗಿನ ಕೊಂಡಿಯ ರಬ್ಬರು) ಎಂದು ನಿಂತಲ್ಲೇ ಹೇಳುವ ಉಸ್ತಾದರನ್ನು ಜನ ಬೆರಗಿನಿಂದ ನೋಡುತ್ತಾರೆ. ಕೈಗುಣ, ಹುಟ್ಟಿನಿಂದ ಬಂದದ್ದು ಎಂದು ಹೊಗಳುತ್ತಾರೆ. ಆ ಹೊಗಳಿಕೆಯಲ್ಲಿ ಪ್ರೀತಿ ಇದೆ, ಅನ್ಯಾಯವೂ ಇದೆ. ಹುಟ್ಟಿನಿಂದ ಬಂದದ್ದಕ್ಕೆ ಚರಿತ್ರೆ ಇರುವುದಿಲ್ಲ. ಈ ವಿದ್ಯೆಗೆ ಇದೆ. ರಾಮಸಮುದ್ರ, ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಸದ್ದು ಕೇಳಿ ದೋಷ ಹಿಡಿಯುವ ಮೆಕ್ಯಾನಿಕರನ್ನು ರೂಪಿಸಿದ್ದು ದೇಶದ ವಾಹನ ನೀತಿ, ಹತ್ತಾರು ವರ್ಷ ಬದಲಾಗದೆ ಉಳಿದ ಒಂದೆರಡು ಕಾರುಗಳು ಮತ್ತು ಇಲ್ಲಿನ ನೆಲ ಎಂಬುದು ನನ್ನ ವಾದ.

ಈ ಸೀಮೆಗೆ ಕಮಾನು, ಅಂದರೆ ಸ್ಪ್ರಿಂಗ್, ಬಂದದ್ದು ಮೋಟಾರಿಗಿಂತ ಮೊದಲು. ಎತ್ತಿನ ಬಂಡಿಗೆ ಕಮಾನಿಲ್ಲ. ಹೊರೆಯೆಲ್ಲ ನೇರವಾಗಿ ಅಚ್ಚಿನ ಮೇಲೆ ಕೂರುತ್ತದೆ, ಅದರ ಸದ್ದು ಅಚ್ಚು ಮತ್ತು ಗಾಲಿಯ ಗುಂಬದ ನಡುವೆ ಹುಟ್ಟುತ್ತದೆ, ಕೀಲೆಣ್ಣೆ ಬಿದ್ದರೆ ಅಡಗುತ್ತದೆ. ಟಾಂಗಾದ ಕಥೆ ಬೇರೆ. ಇಂಗ್ಲೆಂಡಿನ ಒಬಾಡಯ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದ ಪಾಟಾ ಕಮಾನಿನ ವಂಶಕ್ಕೆ ಸೇರಿದ ಉಕ್ಕಿನ ಪಟ್ಟಿಗಳು ಅದರ ಅಡಿಯಲ್ಲಿದ್ದವು. 1871ರಲ್ಲಿ ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಮಾರ್ಗವೂ ಮದರಾಸು ಕಡೆಯ ಮಾರ್ಗವೂ ರಾಯಚೂರಿನಲ್ಲಿ ಕೂಡಿಕೊಂಡವು. ಆ ದಾರಿಯ ಮೇಲೆ ಯಾದಗಿರಿ ಒಂದು ನಿಲ್ದಾಣ. ರೈಲು ನಿಂತಲ್ಲಿ ಟಾಂಗಾ ನಿಲ್ಲುತ್ತದೆ, ಟಾಂಗಾ ನಿಂತಲ್ಲಿ ಕಮಾನು ಬಲ್ಲ ಕಮ್ಮಾರನ ಕುಲುಮೆ ಬೇಕಾಗುತ್ತದೆ. ಒಂದರ ಮೇಲೊಂದು ಕೂತ ಪಾಟಾಗಳು ಬಾಗುವಾಗ ತಿಕ್ಕಾಡುತ್ತವೆ. ಆ ತಿಕ್ಕಾಟವೇ ಕುಲುಕಾಟವನ್ನು ತಗ್ಗಿಸುತ್ತದೆ, ಅದೇ ಕಿರುಗುಟ್ಟುವ ಸದ್ದನ್ನೂ ಹುಟ್ಟಿಸುತ್ತದೆ. ಅಂದರೆ ಕಮಾನು ಮಾಡುವ ಕೆಲಸವೂ ಅದರ ಸದ್ದೂ ಒಂದೇ ಮೂಲದವು. ಪಾಟಾ ಸೋತು ಚಪ್ಪಟೆಯಾದಾಗ ಮತ್ತೆ ಬಡಿದು ಬಾಗು ಕೊಡುವುದು, ಮುರಿದದ್ದನ್ನು ಬದಲಿಸುವುದು ಕಮ್ಮಾರನ ಕೆಲಸವಾಯಿತು. ಮುರಿದ ಪಾಟಾ ವ್ಯರ್ಥವಾಗುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಮಾನಿನ ಉಕ್ಕು ಅಲಗು ಹಿಡಿಯುವ ಉಕ್ಕು. ಲಾರಿಯ ಪಾಟಾದಿಂದ ಕುಡಗೋಲು, ಕೊಡಲಿ ಮಾಡುವ ಕುಲುಮೆಗಳು ಇಂದಿಗೂ ಇವೆ. ಕಮಾನಿನ ಗುಣ ಬಲ್ಲವರು ಹಳ್ಳಿಯಲ್ಲೂ ಇದ್ದದ್ದಕ್ಕೆ ಇದೊಂದು ಕಾರಣ.

ಆಗ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1932ರಲ್ಲಿ ನಿಜಾಮರ ರೈಲ್ವೆ ತನ್ನದೇ ರಸ್ತೆ ಸಾರಿಗೆ ವಿಭಾಗವನ್ನು 27 ಬಸ್ಸು, 166 ನೌಕರರೊಂದಿಗೆ ಆರಂಭಿಸಿತು. ಆ ಕಾಲದ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನಲ್ಲಿ ಇಂದಿಗೂ ಕಾಪಾಡಿ ಇಟ್ಟಿದ್ದಾರೆ. ಮೋಟಾರು ಇಲ್ಲಿ ರೈಲ್ವೆಯ ಶಿಸ್ತಿನೊಂದಿಗೆ ಬಂದಿತೆಂಬುದು ಸಣ್ಣ ವಿಷಯವಲ್ಲ. ಚಕ್ರಕ್ಕೆ ಸುತ್ತಿಗೆ ತಾಗಿಸಿ ನಾದ ಕೇಳಿ ಬಿರುಕು ಹುಡುಕುವುದು ರೈಲ್ವೆಯವರ ಹಳೆಯ ಪದ್ಧತಿ. ಲೋಹದ ದನಿ ಕೇಳಿ ಅದರ ಸ್ಥಿತಿ ತಿಳಿಯಬಹುದೆಂಬ ನಂಬಿಕೆಗೆ ಆ ಇಲಾಖೆಯಲ್ಲಿ ಮೊದಲೇ ಅಧಿಕೃತ ಸ್ಥಾನವಿತ್ತು.

ಆದರೂ ಕಾರಿನ ಸದ್ದು ಒಂದು ವಿದ್ಯೆಯಾದದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ಪೂರ್ತಿ ತಯಾರಾದ ಕಾರುಗಳ ಆಮದಿಗೆ ಸರ್ಕಾರ ತಡೆ ಹಾಕಿತು. 1953ರಲ್ಲಿ, ದೇಶದಲ್ಲೇ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಬರಿಯ ಜೋಡಣೆ ಮಾಡುವಂತಿಲ್ಲ ಎಂಬ ನೀತಿ ಬಂತು, ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಇಲ್ಲಿನ ಜೋಡಣೆ ನಿಲ್ಲಿಸಿ ಹೊರಟವು. ಉಳಿದದ್ದು ಬೆರಳೆಣಿಕೆಯ ಕಾರು. ಹಿಂದೂಸ್ತಾನ್ ಮೋಟಾರ್ಸ್ 1957ರಲ್ಲಿ ಹೊರತಂದ ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚು. ಮುಂದೆ ತಿರುಚಿಕೊಳ್ಳುವ ಉಕ್ಕಿನ ಸರಳು, ಅಂದರೆ ಟಾರ್ಶನ್ ಬಾರ್. ಹಿಂದೆ ಪಾಟಾ ಕಮಾನು. ಪ್ರೀಮಿಯರ್ ಕಂಪನಿಯ ಫಿಯೆಟ್‌ಗೆ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಅದೇ ಪಾಟಾ. ಜೀಪಿಗೆ ನಾಲ್ಕೂ ಕಡೆ ಪಾಟಾ. ಅಂಬಾಸಿಡರಿನ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಐವತ್ತೇಳು ವರ್ಷಗಳಲ್ಲಿ ಎಂಜಿನ್ ಬದಲಾಯಿತು, ಮುಂದಿನ ಜಾಲರಿ ಬದಲಾಯಿತು. ಗಾಡಿ ನಿಂತ ಕಾಲುಗಳ ಮೂಲ ವಿನ್ಯಾಸ ಅದೇ ಉಳಿಯಿತು. ಇದನ್ನು ಅರ್ಥಶಾಸ್ತ್ರಜ್ಞರು ಜಡತೆ ಎನ್ನುತ್ತಾರೆ. ಗಿರಾಕಿಯ ಮಟ್ಟಿಗೆ ಆ ಮಾತು ನಿಜ. ವರ್ಷಗಟ್ಟಲೆ ಸರದಿಯಲ್ಲಿ ಕಾದು ಹಳೆಯದನ್ನೇ ಹೊಸದೆಂದು ಕೊಳ್ಳಬೇಕಾಗಿತ್ತು. ಆದರೆ ಗ್ಯಾರೇಜಿನ ಮಟ್ಟಿಗೆ ಅದು ಪಾಠ ಬದಲಾಗದ ಪುಸ್ತಕ. ಉಸ್ತಾದ್ ಕಲಿತ ಸದ್ದನ್ನೇ ಶಿಷ್ಯ ಕೇಳಿದ, ಶಿಷ್ಯನ ಶಿಷ್ಯನೂ ಅದನ್ನೇ ಕೇಳಿದ. ಇಪ್ಪತ್ತು ವರ್ಷದ ಅನುಭವ ಇಪ್ಪತ್ತೊಂದನೆಯ ವರ್ಷಕ್ಕೂ ಒದಗುತ್ತಿತ್ತು.

ಇದಕ್ಕೆ ನೆಲ ಸೇರಿತು. ಯಾದಗಿರಿಯ ಸುತ್ತ ಕಲ್ಲುಗುಡ್ಡ, ಗರಸು, ಕೆಂಪು ಮಣ್ಣು ಕಾಣುತ್ತವೆ. ಶಹಾಪುರ, ಸುರಪುರದ ಕಡೆ ಹೋದಂತೆ ಎರೆಭೂಮಿ ಹರಡಿಕೊಳ್ಳುತ್ತದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ಅಲೆಯಾಗಿ ಏಳುತ್ತದೆ, ಅಂಚು ಕುಸಿಯುತ್ತದೆ. ಕಾರಿನ ಅಡಿಗೆ ಗುಂಡಿಯಷ್ಟೇ ಕೆಟ್ಟದ್ದು ಈ ಅಲೆ: ಗುಂಡಿ ಒಮ್ಮೆ ಹೊಡೆಯುತ್ತದೆ, ಅಲೆ ಬುಷ್‌ಗಳನ್ನು ನಿರಂತರವಾಗಿ ತಿರುಚುತ್ತದೆ. ಮೇಲಿನಿಂದ ದೂಳು. ರಬ್ಬರಿನ ಮತ್ತು ಕೀಲಿನ ಸಂದಿಗೆ ಸೇರಿದ ನುಣ್ಣನೆಯ ದೂಳು ಗ್ರೀಸಿನೊಂದಿಗೆ ಬೆರೆತು ಅರೆಯುವ ಲೇಪವಾಗುತ್ತದೆ. ನಾರಾಯಣಪುರ ಅಣೆಕಟ್ಟಿನ ಕಾಲುವೆಗಳು ಬಂದ ಮೇಲೆ ಶಹಾಪುರ, ಸುರಪುರದಲ್ಲಿ ಭತ್ತದ ಹೊರೆ ಹೆಚ್ಚಿತು, ಒದ್ದೆ ನೆಲವೂ ಹೆಚ್ಚಿತು. ರಾಮಸಮುದ್ರದಂಥ ಹಳ್ಳಿಯಲ್ಲಿ ಕಾರು ಸದ್ದು ಮಾಡತೊಡಗಿದರೆ ರಿಪೇರಿಗೆ ಯಾದಗಿರಿಗೆ ಹೋಗಬೇಕು. ಸಾಮಾನು ಅಲ್ಲಿ ಸಿಗದಿದ್ದರೆ ರಾಯಚೂರು, ಕಲಬುರಗಿ, ಹೈದರಾಬಾದಿಗೆ. ಊಹೆಯ ಮೇಲೆ ನಾಲ್ಕು ಭಾಗ ಬದಲಿಸಿ ನೋಡೋಣ ಎನ್ನುವುದು ಇಷ್ಟು ದೂರದಲ್ಲಿ ದುಬಾರಿ. ಬಿಚ್ಚುವ ಮೊದಲೇ ಸರಿಯಾದ ಭಾಗವನ್ನು ಹೆಸರಿಸಬೇಕಾಗಿತ್ತು.

ಉಸ್ತಾದರು ಆ ಭಾಗವನ್ನು ಹೇಗೆ ಹೆಸರಿಸುತ್ತಿದ್ದರು ಎಂಬುದರಲ್ಲೇ ನನ್ನ ವಾದದ ಮುಖ್ಯ ಪುರಾವೆ ಇದೆ. ಮೊದಲ ವಿಚಾರಣೆ ಸದ್ದು ಯಾವಾಗ ಬರುತ್ತದೆ ಎಂಬುದರದ್ದು. ಬಿಸಿಲಲ್ಲಿ ಕಿರುಗುಟ್ಟಿ ಮಳೆ ಬಿದ್ದ ದಿನ ಸುಮ್ಮನಾದರೆ, ಒಣಗಿದ ಬುಷ್ ಅಥವಾ ಗ್ರೀಸ್ ಕಳೆದುಕೊಂಡ ಪಾಟಾ. ಖಾತ್ರಿಗಾಗಿ ಒಂದೊಂದೇ ಬುಷ್ ಮೇಲೆ ನೀರು ಹನಿಸಿ, ಮಡ್‌ಗಾರ್ಡ್ ಒತ್ತಿ ಬಿಡುತ್ತಾರೆ. ಎಲ್ಲಿ ನೀರು ಬಿದ್ದಾಗ ಸದ್ದು ನಿಂತಿತೋ ಅಲ್ಲಿಯೇ ದೋಷ. ಸಣ್ಣ ಕಲ್ಲಿಗೂ ಟಕಟಕ ಎನ್ನುತ್ತಾ ದೊಡ್ಡ ತಗ್ಗಿನಲ್ಲಿ ಸುಮ್ಮನಿದ್ದರೆ ಯಾವುದೋ ಕೀಲು ಸಡಿಲ. ದೊಡ್ಡ ತಗ್ಗಿನಲ್ಲೇ ಧಡ್ ಎಂದು, ಆಮೇಲೂ ಗಾಡಿ ತೂಗಾಡಿದರೆ ಶಾಕಪ್ಸರ್. ಬ್ರೇಕ್ ಒತ್ತಿದಾಗ ಒಂದೇ ಸಲ ಬಡಿದರೆ ಕೆಳತೋಳಿನ ಬುಷ್. ಪಾಟಾ ಇರುವ ಕಡೆಯಾದರೆ ಸಡಿಲಾದ ಯು ಬೋಲ್ಟ್. ಇಲ್ಲಿಗೆ ಕಿವಿಯ ಕೆಲಸ ಮುಗಿಯಿತು, ಇನ್ನು ಕೈಯದ್ದು. ಜ್ಯಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತಾರೆ, ನಂತರ ಎಡಬಲ ಹಿಡಿದು. ಎಡಬಲ ಮಾತ್ರ ಆಡಿದರೆ ಸಂಶಯ ಟೈ ರಾಡ್ ಮೇಲೆ. ಮೇಲೆ ಕೆಳಗೆ ಆಡಿದರೆ ಬೇರಿಂಗೋ, ಕಿಂಗ್ ಪಿನ್ನೋ ಅಥವಾ ಬಾಲ್ ಜಾಯಿಂಟೋ. ಆಗ ಇನ್ನೊಬ್ಬನಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಬೇಕು. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕೀಲು. ಚಕ್ರ ಮತ್ತು ಹಬ್ಬನ್ನು ಬ್ರೇಕ್ ಅವು ಕೂತಿರುವ ಸ್ಟಬ್ ಆಕ್ಸಲ್‌ನೊಂದಿಗೆ ಒಂದಾಗಿ ಹಿಡಿದಿಡುವುದರಿಂದ ಬೇರಿಂಗಿನ ಸಡಿಲ ಮುಚ್ಚಿಹೋಗುತ್ತದೆ. ಇಷ್ಟು ಅಚ್ಚುಕಟ್ಟಾದ ಪರೀಕ್ಷೆಗೆ ಬೇಕಾದ ಉಪಕರಣ ಒಂದು ಜ್ಯಾಕ್ ಮತ್ತು ಇಬ್ಬರು ಮನುಷ್ಯರು ಮಾತ್ರ, ನನ್ನ ಮೆಚ್ಚುಗೆ ಅದಕ್ಕೇ.

ಇದಕ್ಕೆ ಆಕ್ಷೇಪವುಂಟು. ಕಿವಿ ಎಷ್ಟೋ ಸಲ ಮೋಸ ಹೋಗುತ್ತದೆ, ತಪ್ಪು ಭಾಗ ಬದಲಿಸಿಕೊಂಡು ದುಡ್ಡು ತೆತ್ತವರು ಎಲ್ಲ ಊರಲ್ಲೂ ಇದ್ದಾರೆ ಎನ್ನುತ್ತಾರೆ. ನಿಜ. ಅಂಬಾಸಿಡರಿನ ಮೈಯೇ ಅದರ ಚೌಕಟ್ಟು. ಹಿಂದಿನ ಶೆಕಲ್‌ನಲ್ಲಿ ಹುಟ್ಟಿದ ಸದ್ದು ತಗಡಿನ ಗುಂಟ ಹರಿದು ಮುಂದಿನ ಸೀಟಿನ ಅಡಿಯಲ್ಲಿ ಕೇಳಿಸಬಹುದು. ಕಿವಿಯನ್ನೇ ನಂಬಿದವರು ಸೋತರು. ಆದರೆ ನೀರು ಹನಿಸುವುದು, ಬ್ರೇಕ್ ಒತ್ತಿಸುವುದು ಬೆಳೆದುಬಂದದ್ದೇ ಕಿವಿಯ ಈ ದೌರ್ಬಲ್ಯ ಗೊತ್ತಿದ್ದರಿಂದ. ತನ್ನ ತಪ್ಪನ್ನು ತಾನೇ ತಡೆಯುವ ಕ್ರಮ ಇರುವಲ್ಲಿ ಅದನ್ನು ಬರಿಯ ಊಹೆ ಎನ್ನಲಾಗದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು: ಇದೆಲ್ಲ ಬಡತನ ಕಲಿಸಿದ ತೇಪೆ, ಜ್ಞಾನವೆಂದು ಏಕೆ ಮೆರೆಸಬೇಕು? ಟೈರಿನ ರಬ್ಬರ್ ಕೊಯ್ದು ಬುಷ್ ಮಾಡಿದ್ದು, ಕೀಲಿಗೆ ತಗಡು ಸುತ್ತಿ ಸದ್ದು ಅಡಗಿಸಿದ್ದು ತೇಪೆಯೇ, ಕೆಲವೊಮ್ಮೆ ಅಪಾಯಕಾರಿ ತೇಪೆ. ಕೀಲು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಸದ್ದು ಅಡಗಿಸಿ ಕಳಿಸಿದವನಿಗೆ ಕ್ಷಮೆ ಇಲ್ಲ. ಆದರೆ ದೋಷ ಹುಡುಕುವ ಬಗೆ ಒಂದು, ಅದನ್ನು ದುರಸ್ತಿ ಮಾಡಲು ಕೈಯಲ್ಲಿದ್ದ ಸಾಮಾನು ಇನ್ನೊಂದು. ಬಡತನ ಎರಡನೆಯದನ್ನು ಕೆಡಿಸಿತು. ಮೊದಲನೆಯದನ್ನು ಕೆಡಿಸಿತೆನ್ನಲು ಆಧಾರವಿಲ್ಲ.

ಈ ಕಿವಿ ಮಾದರಿಗಳ ಸ್ಥಿರತೆಯಿಂದ ಬೆಳೆದದ್ದು ಎಂಬುದಕ್ಕೆ ಅದರ ಇಳಿಗಾಲವೇ ಸಾಕ್ಷಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮುಂಭಾಗಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ತಂದಿತು. ಸ್ಟೀರಿಂಗ್ ತಿರುಗಿಸಿದಾಗ ಮೇಲಿನ ಕಟ್ಟಿನಿಂದ ಬರುವ ಟೊಂಯ್ ಎಂಬ ಹೊಸ ಸದ್ದು ಆಗ ಕಲಿಯಬೇಕಾಯಿತು. ಕಲಿತರು ಕೂಡ, ಏಕೆಂದರೆ ಆ ಕಾರೂ ದಶಕಗಳ ಕಾಲ ಉಳಿಯಿತು. 1991ರ ನಂತರ ಮಾದರಿಗಳು ಮಳೆಯಂತೆ ಬಂದವು, ಕೆಲವು ಐದಾರು ವರ್ಷದಲ್ಲೇ ಮಾಯವಾದವು. ಬುಷ್ ಮತ್ತು ಬಾಲ್ ಜಾಯಿಂಟ್ ಸೇರಿಸಿಯೇ ಇಡೀ ತೋಳು ಬದಲಿಸುವ ರೂಢಿ ಬಂದ ಮೇಲೆ ಒಳಗೆ ಸವೆದದ್ದು ಯಾವುದೆಂದು ತಿಳಿಯುವ ಅಗತ್ಯವೇ ಕಡಿಮೆಯಾಯಿತು. ಉಸ್ತಾದರ ಪ್ರತಿಭೆ ಕುಂದಿದ್ದಲ್ಲ, ಅಭ್ಯಾಸಕ್ಕೆ ಬೇಕಾದ ಪುನರಾವರ್ತನೆ ನಿಂತಿತು.

ಇನ್ನು ಸ್ಕ್ಯಾನರ್ ಇದೆಯಲ್ಲ, ಹಳೆಯ ಕಿವಿ ಏಕೆ ಬೇಕು ಎಂಬ ಪ್ರಶ್ನೆ. ಸ್ಕ್ಯಾನರ್ ಸೆನ್ಸರ್ ಇರುವಲ್ಲಿಯ ದೋಷ ಓದುತ್ತದೆ: ಎಂಜಿನ್, ಎಬಿಎಸ್, ಏರ್‌ಬ್ಯಾಗ್. ನಾವು ನೀವು ಓಡಿಸುವ ಸಾಮಾನ್ಯ ಕಾರಿನ ಬುಷ್‌ನಲ್ಲಿ ಸೆನ್ಸರ್ ಇಲ್ಲ. ಅದು ಹರಿದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಹಳ್ಳಿಗಳಿಂದ ಹತ್ತಿ, ಭತ್ತ ಹೊತ್ತು ಬರುವ ಪಿಕಪ್‌ಗಳ ಹಿಂಭಾಗದಲ್ಲಿ ಪಾಟಾ ಕಮಾನು ಇಂದಿಗೂ ಇದೆ, ಕಾಲದಿಂದ ಕಾಲಕ್ಕೆ ಯು ಬೋಲ್ಟ್ ಬಿಗಿಯುವ ಪಾಠ ಅಲ್ಲಿ ಹಾಗೆಯೇ ಸಲ್ಲುತ್ತದೆ. ಹೊಸ ಕಾರಿಗೂ ಹಳೆಯ ನಿಯಮವೊಂದು ತಪ್ಪುವುದಿಲ್ಲ: ರಬ್ಬರ್ ಬುಷ್‌ನ ನಟ್ಟನ್ನು ಗಾಡಿ ಜ್ಯಾಕ್ ಮೇಲೆ ತೂಗುತ್ತಿರುವಾಗ ಕೊನೆಯದಾಗಿ ಬಿಗಿಯಬಾರದು. ಚಕ್ರ ನೆಲಕ್ಕೆ ಊರಿ, ಗಾಡಿಯ ಭಾರ ಪೂರ್ತಿ ಅದರ ಮೇಲೆ ಬಿದ್ದ ನಂತರ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಹೋದ ಸದ್ದು ಮತ್ತೆ ಬರುತ್ತದೆ.