ನಂಜುನಿರೋಧಕ ತುಂತುರು: ಇತಿಹಾಸ

ಗಾಯ ಕೊಳೆಯದಂತೆ ತಡೆಯಲು ಸೂಕ್ಷ್ಮಜೀವಿನಾಶಕ ದ್ರಾವಣವನ್ನು ನವಿರಾದ ಹನಿಗಳಾಗಿ ಸಿಂಪಡಿಸುವ ವಿಧಾನಕ್ಕೆ ನಂಜುನಿರೋಧಕ ತುಂತುರು, ಬಳಕೆಯ ಮಾತಿನಲ್ಲಿ ಆ್ಯಂಟಿಸೆಪ್ಟಿಕ್ ಸ್ಪ್ರೇ, ಎಂದು ಹೆಸರು. ಇದನ್ನು ಶಸ್ತ್ರಚಿಕಿತ್ಸೆಯಲ್ಲಿ ಪ್ರಚಾರಕ್ಕೆ ತಂದವನು ಬ್ರಿಟಿಷ್ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ (1827–1912).

ತುಂತುರಿನ ಆರಂಭಕಾಲದ ಬಗ್ಗೆ ಜನಪ್ರಿಯ ಬರಹಗಳಲ್ಲಿ ಗೊಂದಲವಿದೆ. 1865ರ ಆಗಸ್ಟ್‌ನಲ್ಲಿ ಲಿಸ್ಟರ್ ಗ್ಲಾಸ್ಗೋದ ರಾಯಲ್ ಇನ್‌ಫರ್ಮರಿಯಲ್ಲಿ, ಗಾಡಿಚಕ್ರ ಹರಿದು ಕಾಲಿನ ಮೂಳೆ ಮುರಿದು ಚರ್ಮವೂ ಸೀಳಿದ್ದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ (ಕಲ್ಲಿದ್ದಲ ಟಾರಿನಿಂದ ದೊರೆಯುವ ಫೀನಾಲ್) ತೋಯಿಸಿದ ಬಟ್ಟೆ ಕಟ್ಟಿ ಗುಣಪಡಿಸಿದ್ದನ್ನೇ ತುಂತುರಿನ ಮೊದಲ ಪ್ರಯೋಗವೆಂದು ಹೇಳುವುದುಂಟು. ಆದರೆ 1867ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆತ ವಿವರಿಸಿದ್ದು ಪಟ್ಟಿ ಮತ್ತು ಲೇಪದ ಕ್ರಮವನ್ನು ಮಾತ್ರ. ತುಂತುರು ಬಳಕೆಗೆ ಬಂದದ್ದು ಆತ 1869ರಲ್ಲಿ ಎಡಿನ್‌ಬರೋಗೆ ತೆರಳಿದ ಬಳಿಕ, 1871ರ ವೇಳೆಗೆ; ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಾಲ್ಮೋರಲ್‌ನಲ್ಲಿ ರಾಣಿ ವಿಕ್ಟೋರಿಯಾಳ ಕಂಕುಳಿನ ಕುರುವನ್ನು ಕೊಯ್ದಾಗಲೂ ಅದನ್ನು ಬಳಸಲಾಯಿತು.

ಗಾಳಿಯಲ್ಲಿ ತೇಲುವ ಸೂಕ್ಷ್ಮಜೀವಿಗಳೇ ಸೋಂಕಿನ ಮುಖ್ಯ ಮೂಲವೆಂಬ ಎಣಿಕೆ ಈ ವಿಧಾನದ ತಳಹದಿಯಾಗಿದ್ದುದರಿಂದ, ಗಾಯದ ಸುತ್ತಲಿನ ಗಾಳಿಯನ್ನೇ ಶುದ್ಧಗೊಳಿಸುವುದು ತುಂತುರಿನ ಉದ್ದೇಶವಾಗಿತ್ತು. ಕೈಯಿಂದ ಒತ್ತುವ ಸಣ್ಣ ಉಪಕರಣದಿಂದ ಮೊದಲಾಗಿ, ಉದ್ದ ಹಿಡಿಕೆಯ ಪಂಪು, ಅನಂತರ ಸ್ಪಿರಿಟ್ ದೀಪದಿಂದ ಕಾಯುವ ಆವಿಯಂತ್ರ ಬಂದವು. ಆಮ್ಲದ ಮಂಜು ಶಸ್ತ್ರವೈದ್ಯರ ಕೈಗಳ ಚರ್ಮವನ್ನು ಬಿಳಿಚಿಸಿ ಜೋಮು ಹಿಡಿಸುತ್ತಿತ್ತು. ದೇಹಕ್ಕೆ ಹೀರಲ್ಪಟ್ಟ ಆಮ್ಲದಿಂದ ಮೂತ್ರ ಕಪ್ಪಾಗುವಂಥ ವಿಷಲಕ್ಷಣಗಳೂ ಕಾಣಿಸುತ್ತಿದ್ದವು.

1880ರಲ್ಲಿ ಟ್ಯೂಬಿಂಗೆನ್‌ನ ಶಸ್ತ್ರವೈದ್ಯ ವಿಕ್ಟರ್ ಫಾನ್ ಬ್ರುನ್ಸ್ ತುಂತುರನ್ನು ಕೈಬಿಡಬೇಕೆಂದು ಬಹಿರಂಗವಾಗಿ ವಾದಿಸಿದ. ಗಾಳಿಗಿಂತ ಕೈ, ಉಪಕರಣ ಹಾಗೂ ಬಟ್ಟೆಗಳ ಮೂಲಕ ಬರುವ ಸೋಂಕೇ ಹೆಚ್ಚು ಅಪಾಯಕಾರಿ ಎಂಬುದು ಸ್ಪಷ್ಟವಾಗುತ್ತ ಬಂದಂತೆ ಲಿಸ್ಟರ್ 1887ರ ಸುಮಾರಿಗೆ ಅದರ ಬಳಕೆಯನ್ನು ನಿಲ್ಲಿಸಿ, 1890ರ ಬರ್ಲಿನ್ ಅಂತಾರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಅದನ್ನು ಶಿಫಾರಸು ಮಾಡಿದ್ದಕ್ಕೆ ವಿಷಾದ ಸೂಚಿಸಿದ. ತುಂತುರನ್ನು ಕೈಬಿಟ್ಟ ವರ್ಷವನ್ನು ಕೆಲವರು 1887, ಕೆಲವರು 1890 ಎಂದು ಕೊಡುವುದಕ್ಕೆ ಕಾರಣ ಇದೇ. ಕೈಬಿಟ್ಟದ್ದು ಗಾಳಿಗೆ ಸಿಂಪಡಿಸುವ ಕ್ರಮವನ್ನೇ ಹೊರತು ನಂಜುನಿರೋಧದ ತತ್ತ್ವವನ್ನಲ್ಲ.

1950ರ ದಶಕದಲ್ಲಿ ಬಂದ ಕ್ಲೋರ್‌ಹೆಕ್ಸಿಡಿನ್ ಹಾಗೂ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕಗಳು ಮುಂದೆ ಸ್ಪ್ರೇ ರೂಪದಲ್ಲೂ ದೊರೆಯತೊಡಗಿದವು. ಇವುಗಳ ಗುರಿ ಗಾಳಿಯಲ್ಲ, ಚರ್ಮ ಮತ್ತು ಗಾಯದ ಮೇಲ್ಮೈ. ಹಾಗಾಗಿ ಇವನ್ನು ಲಿಸ್ಟರನ ತುಂತುರಿನ ನೇರ ಮುಂದುವರಿಕೆಯೆಂದು ಎಣಿಸಲಾಗದು. ಗಾಯವನ್ನು ಶುದ್ಧ ನೀರಿನಿಂದ ಇಲ್ಲವೆ ಲವಣದ್ರಾವಣದಿಂದ ತೊಳೆಯುವುದಕ್ಕೆ ಈ ಸ್ಪ್ರೇಗಳು ಪೂರಕವೇ ಹೊರತು ಪರ್ಯಾಯವಲ್ಲ.