ಸಂಬಳದ ಬಿಲ್ಲಿನ ಒಂದು ಕಾಲಂ



ಆಫೀಸಿನಲ್ಲಿ ಸಂಬಳದ ಬಿಲ್ ಮಾಡುವವನು ನಾನು. ವೃತ್ತಿ ತೆರಿಗೆ, ವಿಮೆ, ಸಾಲದ ಕಂತಿನ ಜೊತೆ ಸಂಘದ ವಂತಿಗೆಗೂ ಒಂದು ಕಾಲಂ ಇದೆ. ಈ ತಿಂಗಳು ನಮ್ಮವರೇ ಒಬ್ಬರು ‘ನನ್ನ ವಂತಿಗೆ ಹಿಡಿಯಬೇಡಿ, ಸಂಘದಿಂದ ಏನುಪಯೋಗ’ ಅಂತ ಅರ್ಜಿ ಕೊಟ್ಟಿದ್ದಾರೆ. ಅದನ್ನು ಓದಿದಾಗಿಂದ ಮೆಂಫಿಸ್ ನೆನಪಾಗ್ತಿದೆ.

1968ರ ಫೆಬ್ರವರಿ 1. ಅಮೆರಿಕದ ಮೆಂಫಿಸ್ ನಗರ. ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದೊಳಗೆ ನಿಂತಿದ್ದ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕಪ್ಪು ಪೌರಕಾರ್ಮಿಕರು, ಕಸ ಅದುಮುವ ಯಂತ್ರ ತಾನಾಗಿ ಚಾಲೂ ಆಗಿ ಜಜ್ಜಿಹೋದರು. ಅಂಥ ಲಾರಿಯಲ್ಲಿ ನಿಲ್ಲೋರು ಯಾರು ಅಂತ ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಫೆಬ್ರವರಿ 12ರಿಂದ ಸುಮಾರು 1300 ಮಂದಿ ಕೆಲಸ ನಿಲ್ಲಿಸಿದರು. ‘ನಾನು ಮನುಷ್ಯ’ ಎಂಬ ಫಲಕ ಹಿಡಿದು ನಡೆದರು. ಕೂಲಿಯ ಜೊತೆಗೆ ಅವರು ಕೇಳಿದ್ದು ಸಂಘಕ್ಕೆ ಮಾನ್ಯತೆ, ಮತ್ತೆ ಸಂಬಳದಲ್ಲೇ ವಂತಿಗೆ ಹಿಡಿಯುವ ವ್ಯವಸ್ಥೆ. ಮೇಯರ್ ಹೆನ್ರಿ ಲೋಬ್ ಸುತಾರಾಂ ಒಪ್ಪಲಿಲ್ಲ. ಇವರ ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲೇ ಗುಂಡಿಗೆ ಬಲಿಯಾದರು. ಏಪ್ರಿಲ್ 16ಕ್ಕೆ ಒಪ್ಪಂದವಾಯಿತು. ಮಾನ್ಯತೆ ಸಿಕ್ಕಿತು, ವಂತಿಗೆಯನ್ನು ನೌಕರರ ಸಾಲ ಸಹಕಾರ ಸಂಘದ ಮೂಲಕ ಹಿಡಿಯುವುದೆಂದಾಯಿತು. (ಮೇಯರ್ ಮುಖ ಉಳಿಸಿಕೊಳ್ಳಬೇಕಲ್ಲ!)

ಆ ಸಂಘ ಎಎಫ್‌ಎಸ್‌ಸಿಎಂಇ. ಅದು ಹುಟ್ಟಿದ್ದು 1932ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ. ಸ್ಥಳೀಯ ಸಂಸ್ಥೆಗಳ ನೌಕರರಿಗೆ ಸಾಮೂಹಿಕ ಚೌಕಾಸಿಯ ಹಕ್ಕನ್ನು ಕಾನೂನಿನಲ್ಲಿ ಮೊದಲು ಕೊಟ್ಟಿದ್ದೂ ಅದೇ ರಾಜ್ಯ, 1959ರಲ್ಲಿ. ಖಾಸಗಿಯವರು ಬಾಗಿಲು ಹಾಕಿದಾಗ ಅಲ್ಲಿನ ಕಪ್ಪು ಜನ ಮೇಲೆ ಬರಲು ಸಿಕ್ಕ ಮೆಟ್ಟಿಲು ಸರ್ಕಾರಿ ನೌಕರಿ, ನಮಗೆ ಸಿಕ್ಕ ಹಾಗೇ.

ಅದೇ ಮ್ಯಾಡಿಸನ್‌ನಲ್ಲಿ 2011ರ ಫೆಬ್ರವರಿಯಲ್ಲಿ ಗವರ್ನರ್ ಸ್ಕಾಟ್ ವಾಕರ್ (ಸತ್ತವನದೂ ವಾಕರ್ ಹೆಸರೇ ನೋಡಿ) ‘ಬಜೆಟ್ ದುರಸ್ತಿ ಮಸೂದೆ’ ತಂದರು. ಪಿಂಚಣಿಗೆ ಸಂಬಳದ ಶೇ. 5.8, ಆರೋಗ್ಯ ವಿಮೆಯ ಕಂತಿನಲ್ಲಿ ಶೇ. 12.6 ನೌಕರರೇ ಕೊಡಬೇಕು. ಅಷ್ಟೇ ಆಗಿದ್ದರೆ ಖಜಾನೆ ಮಾತು ಅನ್ನಬಹುದಿತ್ತು. ಮೂಲವೇತನ ಬಿಟ್ಟು ಬೇರೇನೂ ಚೌಕಾಸಿ ಮಾಡುವಂತಿಲ್ಲ, ಸಂಘ ಉಳಿಯಬೇಕಾದರೆ ಪ್ರತಿ ವರ್ಷ ಮತದಾನ ಗೆಲ್ಲಬೇಕು, ಸಂಬಳದಲ್ಲಿ ವಂತಿಗೆ ಹಿಡಿಯುವುದು ಬಂದ್. ಪೊಲೀಸರಿಗೆ, ಅಗ್ನಿಶಾಮಕ ದಳಕ್ಕೆ ಮಾತ್ರ ವಿನಾಯಿತಿ.

ಮೇಷ್ಟ್ರುಗಳು, ಗುಮಾಸ್ತರು, ವಿದ್ಯಾರ್ಥಿಗಳು ಶಾಸನಸಭೆಯ ಕಟ್ಟಡದೊಳಗೇ ಮಲಗಿದರು. ವಿನಾಯಿತಿ ಸಿಕ್ಕ ಅಗ್ನಿಶಾಮಕದವರೂ ಬಂದು ಸೇರಿದರು. ಕೋರಂ ತಪ್ಪಿಸಲು ವಿರೋಧ ಪಕ್ಷದ 14 ಸೆನೆಟರುಗಳು ಪಕ್ಕದ ರಾಜ್ಯಕ್ಕೆ ಹೋಗಿ ಕೂತರು. ದುಡ್ಡಿನ ಕಡಿತ ಒಪ್ಪುತ್ತೇವೆ, ಹಕ್ಕು ಮುಟ್ಟಬೇಡಿ ಅಂತ ಸಂಘದ ಮುಖಂಡರು ಇಳಿದು ಬಂದರು. ಗವರ್ನರ್ ಒಪ್ಪಲಿಲ್ಲ. ಕೊರತೆ ತುಂಬುವುದೇ ಉದ್ದೇಶವಾಗಿದ್ದರೆ ಅವತ್ತೇ ಮುಗಿಯುತ್ತಿತ್ತು. ಮಾರ್ಚ್ 9ರಂದು, ದೊಡ್ಡ ಕೋರಂ ಬೇಕಾಗಿದ್ದ ಹಣಕಾಸಿನ ಭಾಗಗಳನ್ನು ಕಿತ್ತುಹಾಕಿ ಸೆನೆಟ್ ಮಸೂದೆ ಪಾಸು ಮಾಡಿತು. ಚೌಕಾಸಿ ಕಿತ್ತುಕೊಳ್ಳುವ ಭಾಗ ಹಾಗೇ ಉಳಿಯಿತು. 2012ರಲ್ಲಿ ವಾಕರ್‌ರನ್ನು ವಾಪಸ್ ಕರೆಸಲು ನಡೆದ ಚುನಾವಣೆಯಲ್ಲೂ ಅವರೇ ಗೆದ್ದರು.

ಕೆಲವೇ ವರ್ಷಗಳಲ್ಲಿ ಆ ರಾಜ್ಯದ ಸರ್ಕಾರಿ ನೌಕರರಲ್ಲಿ ಸಂಘದ ಸದಸ್ಯರ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು.

ಅರ್ಜಿ ಇನ್ನೂ ನನ್ನ ಟೇಬಲ್ ಮೇಲಿದೆ. ನಾಳೆ ಊಟದ ಹೊತ್ತಲ್ಲಿ ಅವರ ಜೊತೆ ಕೂತು ಮಾತಾಡಬೇಕು.