ಗಾಜಿನೆಳೆಯ ದೋಷಶೋಧನೆಯ ಇತಿಹಾಸ

ಶುದ್ಧ ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ದೂರಕ್ಕೆ ಸಂದೇಶ ಕಳಿಸಬಹುದೆಂದು ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ 1966ರಲ್ಲಿ ಇಂಗ್ಲೆಂಡಿನಲ್ಲಿ ಪ್ರತಿಪಾದಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ಅಂಥ ಎಳೆಯನ್ನು ತಯಾರಿಸಿತು. ಆದರೆ ಗಾಜು ವಿದ್ಯುತ್ತನ್ನು ಹರಿಯಗೊಡದ ಕಾರಣ, ತಾಮ್ರದ ತಂತಿಗೆ ಬಳಸುತ್ತಿದ್ದ ಪರೀಕ್ಷೆಗಳಿಂದ ನೆಲದಡಿಯ ಎಳೆ ಎಲ್ಲಿ ತುಂಡಾಗಿದೆಯೆಂದು ತಿಳಿಯುವಂತಿರಲಿಲ್ಲ. ಬಾರ್ನೋಸ್ಕಿ ಮತ್ತು ಜೆನ್ಸನ್ 1976ರಲ್ಲಿ ಪ್ರಕಟಿಸಿದ ವಿಧಾನವು ದೋಷಶೋಧನೆಯ ವಿದ್ಯೆಯ ಅತ್ಯಂತ ಸುಂದರವಾದ ಹೆಜ್ಜೆ: ಎಳೆಯ ಒಂದೇ ತುದಿಯಿಂದ ಬೆಳಕಿನ ಸ್ಪಂದವನ್ನು, ಎಂದರೆ ಅತ್ಯಲ್ಪ ಕಾಲದ ಮಿಂಚನ್ನು, ಹಾಯಿಸಿ, ಗಾಜಿನೊಳಗೆ ಚದುರಿ ಹಿಂದಿರುಗುವ ಕ್ಷೀಣ ಬೆಳಕನ್ನು ಅಳೆಯುವುದು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುವುದರಿಂದ, ಮರಳಲು ಹಿಡಿದ ಕಾಲವೇ ದೋಷದ ದೂರವನ್ನು ಸೂಚಿಸುತ್ತದೆ. ಓಟಿಡಿಆರ್ ಎಂಬ ಉಪಕರಣ ಹುಟ್ಟಿದ್ದು ಹೀಗೆ. ಮುಂದೆ ಎಳೆಯನ್ನು ಜೋಡಿಸಲು ನೆಟ್‌ವರ್ಕ್ ಸ್ವಿಚ್‌ಗೆ ಸಿಕ್ಕಿಸುವ ಮಾಡ್ಯೂಲ್‌ಗಳೇ ತಮಗೆ ತಲುಪುವ ಬೆಳಕಿನ ಪ್ರಮಾಣವನ್ನು ತಿಳಿಸತೊಡಗಿದವು.